ಪಾರ್ಟ್ಸ್ ಸ್ಟಾಕ್: ಗುಂಪು ಹೇಗೆ ಮಾಡಬೇಕು, ಲಾಭ ಎಲ್ಲಿ ಸೋರುತ್ತದೆ?

ಪ್ರಶ್ನೆ: ಕಾರ್ ಡೀಲರ್‌ಶಿಪ್ ಒಂದರ ಪಾರ್ಟ್ಸ್ ವಿಭಾಗ ನೋಡಿಕೊಳ್ಳುತ್ತಿದ್ದೇನೆ. ಎಂಜಿನ್, ಬ್ರೇಕ್, ಬಾಡಿ ಎಂದು ಗುಂಪು ಮಾಡಿದ್ದೇವೆ. ಆದರೂ ಬೇಕಾದ ಪಾರ್ಟ್ ಇರುವುದಿಲ್ಲ, ಬೇಡದ್ದು ರ‍್ಯಾಕ್ ತುಂಬ ಕೂತಿದೆ. ಲಾಭವೂ ಲೆಕ್ಕ ಹಾಕಿದಷ್ಟು ಬರುತ್ತಿಲ್ಲ. ಏನು ಮಾಡಬೇಕು?

ಉತ್ತರ: ಆಯಿಲ್ ಫಿಲ್ಟರ್, ಟೈಮಿಂಗ್ ಚೈನ್ ಎರಡೂ ನಿಮ್ಮ ಎಂಜಿನ್ ಗುಂಪಿನಲ್ಲೇ ಇರುತ್ತವೆ. ಮೊದಲನೆಯದು ದಿನಕ್ಕೆ ಎಂಟು ಹೋಗುತ್ತದೆ, ಎರಡನೆಯದು ವರ್ಷಕ್ಕೆ ಒಂದು ಹೋದರೆ ಹೆಚ್ಚು. ಎರಡಕ್ಕೂ ಒಂದೇ ಆರ್ಡರ್ ನಿಯಮ ಇಟ್ಟರೆ ನೀವು ಹೇಳಿದ್ದೇ ಆಗುತ್ತದೆ. ಹಾಗಾಗಿ ಪ್ರತಿ ಪಾರ್ಟ್ ನಂಬರಿಗೂ ಇನ್ನೆರಡು ಗುರುತು ಸೇರಿಸಿ: ಓಡಾಟ (ವೇಗ, ನಿಧಾನ, ನಿಂತದ್ದು) ಮತ್ತು ದುಡ್ಡು ಕೊಡುವವರು (ಗ್ರಾಹಕ, ವಾರಂಟಿ, ವಿಮೆ).

ವೇಗದ ಮಾಲಿಗೆ ಲೆಕ್ಕ ಸುಲಭ. ದಿನಕ್ಕೆ 8 ಫಿಲ್ಟರ್, ಮಾಲು ಬರಲು 3 ದಿನ, ತಡವಾದರೆ ಇರಲಿ ಎಂದು ಇನ್ನೂ 2 ದಿನ ಎಂದರೆ ಸ್ಟಾಕ್ 40ಕ್ಕೆ ಇಳಿದಾಗ ಆರ್ಡರ್ ಹೋಗಬೇಕು. ನಿಂತ ಮಾಲನ್ನು ಗುರುತಿಸುವಾಗ ಕೊನೆಯ ಮಾರಾಟದ ದಿನಾಂಕ ಮಾತ್ರ ನೋಡಿ. ಬ್ರಾಂಚಿನಿಂದ ಬ್ರಾಂಚಿಗೆ ಕಳಿಸಿದ ದಿನಾಂಕ ಹಿಡಿದರೆ ಸತ್ತ ಮಾಲೂ ಜೀವಂತ ಕಾಣುತ್ತದೆ. ಇಂಥ ಮಾಲು ಹುಟ್ಟುವುದು ಹೆಚ್ಚಾಗಿ ಎರಡು ದಾರಿಯಲ್ಲಿ. ಗ್ರಾಹಕರು ಕೇಳಿದರೆಂದು ಮುಂಗಡ ಪಡೆಯದೆ ತರಿಸಿದ್ದು ಒಂದು. ಕಂಪನಿ ಪಾರ್ಟ್ ನಂಬರ್ ಬದಲಿಸಿದಾಗ ಹಳೆಯ ನಂಬರಿನ ದಾಸ್ತಾನನ್ನು ಹೊಸದಕ್ಕೆ ಜೋಡಿಸದೆ ಬಿಟ್ಟದ್ದು ಇನ್ನೊಂದು.

ವಿಮೆ ಕೆಲಸದ ಪಾರ್ಟಿಗೆ ಯಾವ ವಸ್ತುವಿನದು ಎಂಬುದನ್ನೂ ಬರೆದಿಡಿ. ಝೀರೋ ಡೆಪ್ (ಪಾರ್ಟಿನ ಬೆಲೆಯಲ್ಲಿ ಸವಕಳಿ ಕಡಿತ ಮಾಡದ ಸೌಲಭ್ಯ) ಇಲ್ಲದ ಪಾಲಿಸಿಯಲ್ಲಿ ಪ್ಲಾಸ್ಟಿಕ್, ರಬ್ಬರಿಗೆ ಶೇ 50 ಕಡಿತ, ಗಾಜಿಗೆ ಕಡಿತವಿಲ್ಲ. ಬಂಪರ್ ಬಿಲ್ಲಿನಲ್ಲಿ ಗ್ರಾಹಕರ ಪಾಲು ಎಷ್ಟೆಂದು ಎಸ್ಟಿಮೇಟ್ ದಿನವೇ ಹೇಳಬಹುದು. ಡೆಲಿವರಿ ದಿನ ಕೌಂಟರಿನಲ್ಲಿ ಜಗಳ ತಪ್ಪುತ್ತದೆ.

ಇನ್ನು ಬೆಲೆ. ಎಂಆರ್‌ಪಿಯಲ್ಲಿ ತೆರಿಗೆ ಸೇರಿರುತ್ತದೆ, ಎಡವುವುದು ಇಲ್ಲೇ. 2025ರ ಸೆಪ್ಟೆಂಬರ್ 22ರಿಂದ ವಾಹನ ಬಿಡಿಭಾಗಗಳಿಗೆ ಜಿಎಸ್‌ಟಿ ಶೇ 18. ಎಂಆರ್‌ಪಿ ₹1,180 ಇರುವ ಪಾರ್ಟಿನಲ್ಲಿ ₹180 ಸರ್ಕಾರದ್ದು, ನಿಮ್ಮ ಮಾರಾಟ ₹1,000. ತೆರಿಗೆ ಬಿಟ್ಟು ₹800ಕ್ಕೆ ಕೊಂಡಿದ್ದರೆ ಲಾಭ ₹200; ₹380 ಅಲ್ಲ. ಕೊಂಡ ಬೆಲೆಯ ಮೇಲೆ ಅದು ಶೇ 25, ಮಾರಾಟದ ಮೇಲೆ ಶೇ 20. ವರದಿಯಲ್ಲಿ ಯಾವುದನ್ನು ಬರೆಯುತ್ತೀರೋ ಎಲ್ಲರೂ ಅದನ್ನೇ ಬರೆಯಲಿ. ಈಗ ಸರ್ವಿಸ್ ಅಡ್ವೈಸರ್ "ಬರೀ ಹತ್ತು ಪರ್ಸೆಂಟ್" ಬಿಟ್ಟರು ಎನ್ನಿ: ಬಿಲ್ ₹1,062, ತೆರಿಗೆ ಕಳೆದರೆ ₹900, ಲಾಭ ₹100. ಅರ್ಧ ಹೋಯಿತು! ಡಿಸ್ಕೌಂಟಿನ ಮಿತಿಯನ್ನು ಗುಂಪಿನ ಪ್ರಕಾರ ಬಿಲ್ಲಿಂಗ್ ಸಾಫ್ಟ್‌ವೇರಿನಲ್ಲೇ ಬಿಗಿಮಾಡಿ.

ಕಂಪನಿ ದರ ಏರಿಸಿದರೂ ಹಳೆಯ ಪೊಟ್ಟಣವನ್ನು ಅದರ ಮೇಲೆ ಅಚ್ಚಾದ ಎಂಆರ್‌ಪಿಗಿಂತ ಹೆಚ್ಚಿಗೆ ಮಾರುವಂತಿಲ್ಲ. ಹೊಸ ದರದ ಮಾಲು ಬೇರೆ ಲಾಟ್ ಆಗಿ ಏರಲಿ, ಹಳೆಯದು ಮೊದಲು ಹೊರಡಲಿ.

ಎಂಜಿನ್ ಆಯಿಲ್ ಮಾತ್ರ ಬೇರೆಯೇ ಕಥೆ. ಬರುವುದು 210 ಲೀಟರ್ ಬ್ಯಾರಲ್ಲಿನಲ್ಲಿ, ಹೋಗುವುದು ಮೂರೂವರೆ ಲೀಟರಿನ ಲೆಕ್ಕದಲ್ಲಿ. ಖರೀದಿಯನ್ನು "1" ಎಂದು ಏರಿಸಿದರೆ ಮೊದಲ ಕಾರಿಗೇ ಸ್ಟಾಕ್ ಮೈನಸ್. 210 ಲೀಟರ್ ಎಂದೇ ಏರಿಸಿ, ಲೀಟರಿನ ಕೊಂಡ ಬೆಲೆ ಕಟ್ಟಿ, ವಾರಕ್ಕೊಮ್ಮೆ ಬ್ಯಾರಲ್ಲಿಗೆ ಅಳತೆಕೋಲು ಇಳಿಸಿ ಜಾಬ್ ಕಾರ್ಡುಗಳಲ್ಲಿ (ಪ್ರತಿ ಕಾರಿನ ಕೆಲಸದ ಚೀಟಿ) ಬರೆದ ಒಟ್ಟು ಲೀಟರಿನ ಜೊತೆ ತಾಳೆ ನೋಡಿ.