ಟೆರೇಸ್ ಬಾಗಿಲಿಗೆ ಚಿಲಕ ಎಲ್ಲಿದೆ ಮಾಮ?

ಕಳೆದ ಬೇಸಿಗೆ ರಜೆಗೆ ಅಕ್ಕನ ಮಗ ನಮ್ಮ ಮನೆಗೆ ಬಂದಿದ್ದ. ಒಂಬತ್ತನೇ ಕ್ಲಾಸು. ಒಂದು ರಾತ್ರಿ ಊಟ ಆದ ಮೇಲೆ ಇಬ್ಬರೂ ಕೂತು, ಹೆಣಗಳು ಎದ್ದು ಬಂದು ಜನರನ್ನು ಕಚ್ಚುವ ಜಾಂಬಿ ಸಿನಿಮಾ ನೋಡಿದೆವು. ಮುಗಿದಾಗ ಹನ್ನೆರಡೂವರೆ. ಹುಡುಗ ಹೆದರಿರುತ್ತಾನೆ, ಲೈಟ್ ಹಾಕಿಕೊಂಡೇ ಮಲಗಲಿ ಅಂದುಕೊಂಡೆ. ಅವನು ಕೇಳಿದ್ದೇ ಬೇರೆ. "ಮಾಮ, ಟೆರೇಸ್ ಬಾಗಿಲಿಗೆ ಚಿಲಕ ಎಲ್ಲಿದೆ? ಈ ಕಡೆಯಿಂದಾನಾ, ಆ ಕಡೆಯಿಂದಾನಾ?"

ಆಮೇಲೆ ಅರ್ಧ ಗಂಟೆ ಇದೇ ಮಾತು. ಸಿಂಟೆಕ್ಸ್‌ನಲ್ಲಿ ನೀರು ಎಷ್ಟಿದೆ, ಕರೆಂಟು ಹೋದರೆ ಮೋಟರ್ ಓಡಲ್ಲ, ಎರಡನೇ ಸಿಲಿಂಡರ್ ತುಂಬಿದೆಯಾ, ಲಿಫ್ಟ್ ಸಹವಾಸವೇ ಬೇಡ, ಮೆಟ್ಟಿಲಿಗೆ ಅಡ್ಡ ಬೀರು ತಳ್ಳಿಬಿಡೋಣ. ಮುಖದಲ್ಲಿ ಭಯ ಒಂದು ಚೂರೂ ಇಲ್ಲ, ಮದುವೆ ಮನೆಗೆ ಸಾಮಾನಿನ ಪಟ್ಟಿ ಬರೆಯುವವರ ಹುಮ್ಮಸ್ಸು. ಹೇಳಿಕೊಳ್ಳೋಕೆ ನಾಚಿಕೆ, ಆದರೂ ಹೇಳುತ್ತೇನೆ: ನಾನೂ ಎದ್ದು ಹೋಗಿ ಅಕ್ಕಿ ಡಬ್ಬದ ಮುಚ್ಚಳ ತೆಗೆದು ನೋಡಿದೆ.

ದೆವ್ವದ ಸಿನಿಮಾ ನೋಡಿ ಯಾರಾದರೂ ಅಕ್ಕಿ ಡಬ್ಬ ತೆಗೆದು ನೋಡುತ್ತಾರಾ? ಇಲ್ಲ ಅಲ್ವಾ. ನಮ್ಮ ದೆವ್ವಗಳಿಗೆ ಹೆಸರಿದೆ, ಊರಿದೆ, ತೀರದ ಆಸೆ ಇದೆ. ಮೈಮೇಲೆ ಬಂದರೆ "ಯಾರು ನೀನು, ಏನು ಬೇಕು" ಅಂತ ವಿಚಾರಿಸಬಹುದು, ಕೋಳಿಯೋ ಸೀರೆಯೋ ಕೊಟ್ಟು ಸಾಗಹಾಕಬಹುದು. ಬಾಗಿಲ ಮೇಲೆ 'ನಾಳೆ ಬಾ' ಅಂತ ಬರೆದರೆ ಓದಿಕೊಂಡು ವಾಪಸ್ ಹೋಗುವಷ್ಟು ವಿದ್ಯಾವಂತ ದೆವ್ವಗಳು ನಮ್ಮವು. ಜಾಂಬಿ ಹತ್ತಿರ ಈ ಯಾವ ಮಾತುಕತೆಯೂ ನಡೆಯಲ್ಲ. ಅದು ಒಂಟಿಯಾಗಿ ಬರೋದೂ ಇಲ್ಲ, ಜಾತ್ರೆಯ ಹಾಗೆ ಬರುತ್ತದೆ. ಸತ್ತವರನ್ನು ಕೇಳಿ ಪ್ರಯೋಜನ ಇಲ್ಲ ಅಂದ ಮೇಲೆ ಪ್ರಶ್ನೆಗಳೆಲ್ಲ ಬದುಕಿರುವವರ ಕಡೆಗೇ ತಿರುಗುತ್ತವೆ. ನೀರು ಎಷ್ಟು ದಿನಕ್ಕೆ ಸಾಕು? ಬಾಗಿಲು ಬಡಿದವರನ್ನು ಒಳಗೆ ಬಿಡೋದಾ? ನನ್ನ ಮಟ್ಟಿಗೆ ಈ ಕಥೆಗಳ ಸೆಳೆತ ಇರೋದೇ ಇಲ್ಲಿ.

ಮೊದಲು ಹೀಗಿರಲಿಲ್ಲ. ಜಾಂಬಿ ಹುಟ್ಟಿದ್ದು ಕೆರಿಬಿಯನ್ ಸಮುದ್ರದ ಹೈಟಿಯಲ್ಲಿ. ಆಫ್ರಿಕಾದಿಂದ ಹಿಡಿದು ತಂದ ಜನರನ್ನು ಫ್ರೆಂಚರು ಅಲ್ಲಿ ಕಬ್ಬಿನ ತೋಟದಲ್ಲಿ ಸಾಯುವ ತನಕ ದುಡಿಸುತ್ತಿದ್ದರು. ಸತ್ತರೆ ಬಿಡುಗಡೆ, ಜೀವ ಮತ್ತೆ ಆಫ್ರಿಕಾಕ್ಕೆ ಹೋಗುತ್ತದೆ ಅನ್ನೋದೊಂದೇ ಆಸೆ. ಹಾಗಿರುವಾಗ ಅವರಿಗೆ ಎಲ್ಲಕ್ಕಿಂತ ದೊಡ್ಡ ಭಯ ಯಾವುದಿರಬೇಕು? ಸತ್ತ ಮೇಲೂ ಮಾಂತ್ರಿಕನೊಬ್ಬ ಎಬ್ಬಿಸಿ ಮತ್ತೆ ಹೊಲಕ್ಕೆ ಅಟ್ಟುವುದು. ಅಲ್ಲಿನ ಜಾಂಬಿ ಯಾರನ್ನೂ ಕಚ್ಚುವುದಿಲ್ಲ, ಸುಮ್ನೆ ದುಡಿಯುತ್ತದೆ. ಅದಕ್ಕೆ ಉಪ್ಪು ಹಾಕಿದ ಊಟ ಕೊಡಬಾರದಂತೆ. ನಾಲಿಗೆಗೆ ಉಪ್ಪು ತಾಗಿದರೆ ತಾನು ಸತ್ತವನು ಅಂತ ನೆನಪಾಗಿ ಎದ್ದು ಗೋರಿಯ ಕಡೆ ನಡೆದುಬಿಡುತ್ತದಂತೆ. ನಮ್ಮಲ್ಲಿ ಉಪ್ಪು ಋಣ ಕಟ್ಟುತ್ತದೆ, ಅಲ್ಲಿ ಋಣ ಹರಿಯುತ್ತದೆ.

ಆ ಗುಲಾಮರು 1791ರಲ್ಲಿ ದಂಗೆ ಎದ್ದು 1804ರಲ್ಲಿ ಸ್ವತಂತ್ರರಾದರು. 1915ರಿಂದ 1934ರ ತನಕ ಅಮೆರಿಕದ ಸೈನ್ಯ ಹೈಟಿಯಲ್ಲಿ ಬೀಡುಬಿಟ್ಟಿತ್ತು, ಜಾಂಬಿ ಅಮೆರಿಕಕ್ಕೆ ಹೋಗಿದ್ದೂ ಆ ಹೊತ್ತಿನಲ್ಲೇ. ಈಗಿನ ರೂಪ ಕೊಟ್ಟವನು ಅಮೆರಿಕದ ಸಿನಿಮಾ ನಿರ್ದೇಶಕ ಜಾರ್ಜ್ ರೊಮೆರೊ. 1968ರಲ್ಲಿ ಪಿಟ್ಸ್‌ಬರ್ಗ್ ಸುತ್ತಮುತ್ತ ಕಡಿಮೆ ದುಡ್ಡಿನಲ್ಲಿ ತೆಗೆದ 'ನೈಟ್ ಆಫ್ ದಿ ಲಿವಿಂಗ್ ಡೆಡ್' ಅನ್ನುವ ಕಪ್ಪು ಬಿಳುಪು ಸಿನಿಮಾದಲ್ಲಿ ಮಾಂತ್ರಿಕ ಇಲ್ಲ, ಜಾಂಬಿ ಅನ್ನುವ ಪದವೂ ಇಲ್ಲ. ಹೆಣಗಳು ಎದ್ದು ಬಂದು ಒಂದು ಮನೆಯನ್ನು ಸುತ್ತುವರಿಯುತ್ತವೆ. ಒಳಗಿರುವವರು ಏನು ಮಾಡುತ್ತಾರೆ ಗೊತ್ತಾ? ನೆಲಮಾಳಿಗೆ ಸೇಫೋ, ಮೇಲಿರೋದು ಸೇಫೋ ಅಂತ ಕಿತ್ತಾಡುತ್ತಾರೆ. ನಮ್ಮ ಅಪಾರ್ಟ್‌ಮೆಂಟ್ ಮೀಟಿಂಗ್ ಥರಾನೇ.

ಜಾಂಬಿ ಕಚ್ಚಿದರೆ ಅಂಟುತ್ತದೆ, ಕಚ್ಚಿಸಿಕೊಂಡವನೂ ಜಾಂಬಿಯಾಗುತ್ತಾನೆ ಅನ್ನುವ ಸಿನಿಮಾ ನಿಯಮ ಮಾತ್ರ ನಮಗೆ ಹೊಸದಲ್ಲ. ಹುಚ್ಚುನಾಯಿ ನೋಡಿದವರಿಗೆ ಅದು ಗೊತ್ತು. ರೇಬಿಸ್ ವೈರಸ್ ಜೊಲ್ಲಿನಲ್ಲಿರುತ್ತದೆ, ಗಾಯದಿಂದ ಒಳಗೆ ಹೋಗಿ ನರದ ದಾರಿ ಹಿಡಿದು ನಿಧಾನವಾಗಿ ಮಿದುಳು ಸೇರುತ್ತದೆ, ಸೇರಿ ಕಚ್ಚುವ ಬುದ್ಧಿಯನ್ನೇ ಹುಟ್ಟಿಸುತ್ತದೆ. ಕಚ್ಚಿಸಿದರೆ ತಾನೇ ಇನ್ನೊಂದು ಮೈ ಸಿಗೋದು. ಲಕ್ಷಣ ಕಾಣಿಸಿಕೊಂಡ ಮೇಲೆ ಉಳಿಯೋದು ಇಲ್ಲವೇ ಇಲ್ಲ ಅನ್ನಬಹುದು. (ನಾಯಿ ಕಚ್ಚಿದರೆ ಅರಿಶಿನ ಮೆತ್ತಿಕೊಂಡು ಕೂರಬೇಡಿ. 15 ನಿಮಿಷ ಸೋಪು ಹಾಕಿ ತೊಳೆದು, ಆವತ್ತೇ ಇಂಜೆಕ್ಷನ್‌ಗೆ ಓಡಿ.) ಕಾಡಿನ ಇರುವೆಗಳದ್ದು ಇನ್ನೂ ಘೋರ. ಓಫಿಯೋಕಾರ್ಡಿಸೆಪ್ಸ್ ಅನ್ನುವ ಶಿಲೀಂಧ್ರ ಮೈಯೊಳಗೆ ಹೊಕ್ಕರೆ ಇರುವೆ ಸಾಲು ಬಿಟ್ಟು ಗಿಡ ಹತ್ತುತ್ತದೆ, ನೆಲದಿಂದ ಸುಮಾರು 25 ಸೆಂಟಿಮೀಟರ್ ಮೇಲೆ ಎಲೆಯ ನರವನ್ನು ಕಚ್ಚಿ ಹಿಡಿದು ಅಲ್ಲೇ ಸಾಯುತ್ತದೆ. ಆಮೇಲೆ ತಲೆಯಿಂದ ಒಂದು ಕಡ್ಡಿ ಮೊಳೆತು ಕೆಳಗೆ ಓಡಾಡುವ ಇರುವೆಗಳ ಮೇಲೆ ಬೀಜಕಣ ಉದುರಿಸುತ್ತದೆ. 2017ರಲ್ಲಿ ಅಮೆರಿಕದ ಪೆನ್ ಸ್ಟೇಟ್ ವಿಶ್ವವಿದ್ಯಾಲಯದವರು ಇಂಥ ಇರುವೆಗಳನ್ನು ಮೈಕ್ರೋಸ್ಕೋಪಿನಲ್ಲಿ ಜಾಲಾಡಿದರು. ಸ್ನಾಯುಗಳ ಸುತ್ತ ಶಿಲೀಂಧ್ರ ಬಲೆ ಹೆಣೆದಿತ್ತು. ಮಿದುಳಿನೊಳಗೆ ಮಾತ್ರ ಕಾಲಿಟ್ಟಿರಲಿಲ್ಲ. ನನಗಂತೂ ಇದನ್ನು ಓದಿದಾಗ ಯಾವ ಸಿನಿಮಾದಲ್ಲೂ ಆಗದಷ್ಟು ಮೈ ಜುಮ್ಮೆಂದಿತು.

ಸರಿ, ಇಷ್ಟು ಹೇಸಿಗೆಯನ್ನು ದುಡ್ಡು ಕೊಟ್ಟು ಯಾಕೆ ನೋಡುತ್ತೇವೆ? ಡೆನ್ಮಾರ್ಕ್‌ನ ಆರ್ಹಸ್ ವಿಶ್ವವಿದ್ಯಾಲಯದಲ್ಲಿ ಮೋಜಿನ ಭಯವನ್ನೇ ಅಧ್ಯಯನ ಮಾಡುವ ಒಂದು ಲ್ಯಾಬ್ ಇದೆ. ಅವರು ವೈಲೆ ಅನ್ನುವ ಊರಿನ ಭೂತಬಂಗಲೆ ಶೋಗೆ ಬಂದ 110 ಜನರಿಗೆ ಎದೆಬಡಿತ ಅಳೆಯುವ ಸಾಧನ ಕಟ್ಟಿ ಒಳಗೆ ಬಿಟ್ಟರು. ಭಯ ತೀರಾ ಕಡಿಮೆಯಾದರೆ ಬೋರು, ತೀರಾ ಜಾಸ್ತಿಯಾದರೆ ಹಿಂಸೆ, ಮಧ್ಯದಲ್ಲೊಂದು ಹದ ಇದೆ, ಮಜಾ ಹೆಚ್ಚು ಸಿಕ್ಕಿದ್ದು ಅಲ್ಲೇ ಅಂತ 2020ರಲ್ಲಿ ಬರೆದರು. ಪಾಯಸಕ್ಕೆ ಬೆಲ್ಲ ಹಾಕುವ ಅಜ್ಜಿಗೆ ಈ ಹದದ ಲೆಕ್ಕ ಮೊದಲೇ ಗೊತ್ತಿತ್ತು, ಇರಲಿ.

ಅದೇ ವರ್ಷ ಕೋವಿಡ್ ಬಂತು. ಏಪ್ರಿಲ್‌ನಲ್ಲಿ, ಎಲ್ಲರೂ ಮನೆಯೊಳಗೆ ಕೂತಿದ್ದಾಗ, ಸಂಶೋಧಕ ಕೋಲ್ಟನ್ ಸ್ಕ್ರಿವ್ನರ್ ಮತ್ತು ಜೊತೆಗಾರರು ಅಮೆರಿಕದ 310 ಜನರಿಗೆ ಪ್ರಶ್ನೆ ಕಳಿಸಿದರು: ಯಾವ ಥರ ಸಿನಿಮಾ ಇಷ್ಟ, ಈಗ ಮನಸ್ಸು ಹೇಗಿದೆ, ಎಷ್ಟು ತಯಾರಿದ್ದಿರಿ. ಹಾರರ್ ಪ್ರಿಯರು ಉಳಿದವರಿಗಿಂತ ಕಡಿಮೆ ಕಂಗೆಟ್ಟಿದ್ದರು. ಜಾಂಬಿ, ಪ್ರಳಯದಂಥ ಕಥೆ ಇಷ್ಟಪಡುವವರಂತೂ ಮೊದಲೇ ಹೆಚ್ಚು ತಯಾರಾಗಿದ್ದರು. ಸಿನಿಮಾ ನೋಡಿ ಗಟ್ಟಿಯಾದರೋ, ಗಟ್ಟಿ ಇದ್ದವರೇ ಅಂಥ ಸಿನಿಮಾ ನೋಡುತ್ತಾರೋ, ಇಂಥ ಒಂದು ಸರ್ವೆಯಿಂದ ಹೇಳೋಕಾಗಲ್ಲ. ಆದರೂ ನನಗೆ ನಮ್ಮ ಬೀದಿ ನೆನಪಾಯಿತು. ಹಾಲಿನವನಿಗೆ ದೂರದಿಂದಲೇ ಪಾತ್ರೆ ಇಟ್ಟದ್ದು, ಆಸ್ಪತ್ರೆಯಿಂದ ವಾಪಸ್ ಬಂದವರನ್ನು ಗೇಟಿನಲ್ಲೇ ತಡೆದದ್ದು, ಅವರ ಬಾಗಿಲಿಗೆ ಯಾರೋ ಹೇಳದೇ ಕೇಳದೇ ಇಡ್ಲಿ ಡಬ್ಬಿ ನೇತುಹಾಕಿ ಹೋದದ್ದು.

ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಸಿಡಿಸಿ ಈ ಉಪಾಯವನ್ನು 2011ರಲ್ಲೇ ಬಳಸಿತ್ತು. ಚಂಡಮಾರುತಕ್ಕೆ ತಯಾರಾಗಿ ಅಂದರೆ ಯಾರೂ ಓದಲ್ಲ, ಅದಕ್ಕೇ ಜಾಂಬಿಗಳಿಗೆ ತಯಾರಾಗಿ ಅಂತ ಬರೆದರು. ಓದಲು ಮುಗಿಬಿದ್ದ ಜನರ ಭಾರಕ್ಕೆ ಸರ್ವರ್ ಮಲಗಿತು. ಒಳಗಿದ್ದ ಪಟ್ಟಿ ಮಾತ್ರ ಮಾಮೂಲಿ: ನೀರು, ಔಷಧಿ, ರೇಡಿಯೋ, ಕಾಗದಪತ್ರ.

ನಮ್ಮ ಹುಡುಗನ ಪಟ್ಟಿ ಆ ರಾತ್ರಿ ಒಂದು ಗಂಟೆಗೆ ಮುಗಿಯಿತು. ಲೈಟ್ ಆರಿಸಿದೆ. ಸ್ವಲ್ಪ ಹೊತ್ತಾದ ಮೇಲೆ ಕತ್ತಲಲ್ಲೇ ಕೇಳಿದ, "ಮಾಮ, ಕೆಳಗಿನ ಮನೆ ಅಜ್ಜಿಗೆ ಮೆಟ್ಟಿಲು ಹತ್ತೋಕಾಗಲ್ಲ ಅಲ್ವಾ?"

"ಹೌದು, ಮಂಡಿ ನೋವು."

"ಬೀರು ತಳ್ಳೋಕೆ ಮುಂಚೆ ಅವರನ್ನ ಎತ್ಕೊಂಡು ಬಂದುಬಿಡೋಣ. ಅವರ ಮನೇಲಿ ನಾಲ್ಕು ಭರಣಿ ಉಪ್ಪಿನಕಾಯಿ ಇದೆ."