ಎಂಪಿ4 ವಿಡಿಯೊದಿಂದ ಫ್ಲಾಕ್ ತೆಗೆದರೆ ಧ್ವನಿ ಸುಧಾರಿಸುತ್ತದೆಯೇ?

ಪ್ರಶ್ನೆ: ನನ್ನಲ್ಲಿ ಸಂಗೀತ ಕಾರ್ಯಕ್ರಮಗಳ ಎಂಪಿ4 ಫೈಲ್‌ಗಳಿವೆ. ಎಂಪಿ3 ಬದಲು ಫ್ಲಾಕ್ ಮಾಡಿಕೊಂಡರೆ ಗುಣಮಟ್ಟ ಹೆಚ್ಚುತ್ತದೆಯೇ? ಮಾಡುವುದು ಹೇಗೆ?

ಉತ್ತರ: ಎಂಪಿ3ಗೆ ಹೋಲಿಸಿದರೆ, ಧ್ವನಿಯನ್ನು ನಷ್ಟವಿಲ್ಲದೆ ಕುಗ್ಗಿಸಿಡುವ ಫ್ಲಾಕ್ ವಾಸಿ. ಆದರೆ ಮೂಲ ವಿಡಿಯೊದಲ್ಲಿ ಕೇಳಿಸುವುದಕ್ಕಿಂತ ಚೆನ್ನಾಗಿ ಕೇಳಿಸುವುದಿಲ್ಲ.

ಎಂಪಿ4 ಎನ್ನುವುದು ಬರಿಯ ಡಬ್ಬಿ. ಅದರೊಳಗಿನ ಧ್ವನಿ ಸಾಮಾನ್ಯವಾಗಿ ಎಎಸಿ (ಎಂಪಿ3ರಂತೆ ಸ್ವಲ್ಪ ಕಳೆದು ಕುಗ್ಗಿಸುವ ವಿಧಾನ), ಬಿಟ್‌ರೇಟ್ ಅಂದರೆ ಸೆಕೆಂಡಿಗೆ ಬಳಸುವ ಡೇಟಾ ಹೆಚ್ಚಾಗಿ 128ರಿಂದ 256 ಕೆಬಿಪಿಎಸ್. ಕಿವಿಗೆ ಅಷ್ಟಾಗಿ ಗೊತ್ತಾಗದ ಅಂಶಗಳನ್ನು ಎಎಸಿ ಮೊದಲೇ ಕಿತ್ತುಹಾಕಿರುತ್ತದೆ. ಬಿಟ್‌ರೇಟ್ ಕಡಿಮೆಯಿದ್ದರೆ 16 ಕಿಲೊಹರ್ಟ್ಸ್‌ಗಿಂತ ಮೇಲೆ ಏನೂ ಉಳಿದಿರುವುದಿಲ್ಲ ಎನ್ನಬಹುದು. ಫ್ಲಾಕ್ ತನ್ನ ಕೈಗೆ ಬಂದದ್ದನ್ನು ಒಂದು ಬಿಟ್ ಕೂಡ ಕಳೆಯದೆ ಕಾಯುತ್ತದೆ, ಆದರೆ ಹೋದದ್ದನ್ನು ಮರಳಿ ತರುವುದಿಲ್ಲ. ಎಂಪಿ3 ಮಾಡಿದರೆ ಎರಡನೇ ಬಾರಿ ಕಡಿತವಾಗುತ್ತದೆ.

ಜಾಗದ ಲೆಕ್ಕವನ್ನೂ ನೋಡಿ. 128 ಕೆಬಿಪಿಎಸ್ ಎಎಸಿ ನಿಮಿಷಕ್ಕೆ 1 ಎಂಬಿ ಕೂಡ ಆಗದು. 48 ಕಿಲೊಹರ್ಟ್ಸ್, 16 ಬಿಟ್ ಸ್ಟೀರಿಯೊದ, ಕುಗ್ಗಿಸದ ವೇವ್ ಫೈಲ್ ನಿಮಿಷಕ್ಕೆ ಸುಮಾರು 11.5 ಎಂಬಿ, ಫ್ಲಾಕ್ ಸಾಮಾನ್ಯವಾಗಿ ಅದರ ಅರ್ಧಕ್ಕಿಂತ ತುಸು ಹೆಚ್ಚು. ಬರೀ ಕೇಳುವುದಕ್ಕಾದರೆ ಇದು ದಂಡ. ಎಫ್‌ಎಫ್‌ಎಂಪೆಗ್ ಎಂಬ ಪರಿವರ್ತಕ ತಂತ್ರಾಂಶದಲ್ಲಿ ವಿಡಿಯೊ ಬಿಟ್ಟು, ಆಡಿಯೊ ಕೋಡೆಕ್ (ಧ್ವನಿಯನ್ನು ಕುಗ್ಗಿಸುವ ವಿಧಾನ) ಜಾಗದಲ್ಲಿ 'ಕಾಪಿ' ಎಂದು ಕೊಟ್ಟು ಎಂ4ಎ ಫೈಲ್ ಮಾಡಿಕೊಳ್ಳಿ. ಇದ್ದ ಎಎಸಿ ಹಾಗೆಯೇ ಹೊರಬರುತ್ತದೆ, ನಷ್ಟ ಸೊನ್ನೆ, ಕೆಲಸವೂ ಕೆಲವೇ ಸೆಕೆಂಡುಗಳದ್ದು.

ಫ್ಲಾಕ್ ಬೇಕಾಗುವುದು ಧ್ವನಿಯನ್ನು ಎಡಿಟ್ ಮಾಡುವಾಗ, ಪ್ಲೇಯರ್ ಎಎಸಿ ಓದದಿದ್ದಾಗ, ಅಥವಾ ವಿಡಿಯೊದೊಳಗೇ ಪಿಸಿಎಂ, ಅಂದರೆ ಕುಗ್ಗಿಸದ ಧ್ವನಿ ಇದ್ದಾಗ. ಕ್ಯಾಮೆರಾದ ಎಂಒವಿ ಫೈಲ್‌ಗಳಲ್ಲಿ ಪಿಸಿಎಂ ಸಿಗುವುದುಂಟು. ಒಳಗೆ ಏನಿದೆ ಎಂದು ಮೀಡಿಯಾಇನ್ಫೊ ಎಂಬ ತಂತ್ರಾಂಶದಲ್ಲಿ ಮೊದಲು ನೋಡಿ: ಕೋಡೆಕ್, ಸ್ಯಾಂಪಲ್ ರೇಟ್, ಚಾನೆಲ್ ಸಂಖ್ಯೆ. ಒಂದಕ್ಕಿಂತ ಹೆಚ್ಚು ಆಡಿಯೊ ಟ್ರ್ಯಾಕ್ ಇದ್ದರೆ ಯಾವುದು ಬೇಕೆಂದು ಆಗಲೇ ಗುರುತು ಹಾಕಿಕೊಳ್ಳಿ.

ಫ್ಲಾಕ್ ಮಾಡಲು ವಿಎಲ್‌ಸಿ ಪ್ಲೇಯರ್‌ನಲ್ಲಿ ಮೀಡಿಯಾ ಮೆನುವಿನ 'ಕನ್ವರ್ಟ್/ಸೇವ್' ತೆರೆದು ಫೈಲ್ ಸೇರಿಸಿ, ಪ್ರೊಫೈಲ್ ಪಟ್ಟಿಯಲ್ಲಿ 'ಆಡಿಯೊ – ಫ್ಲಾಕ್' ಆರಿಸಿ. ಕೂಡಲೇ ಸ್ಟಾರ್ಟ್ ಒತ್ತಬೇಡಿ. ಈ ಪ್ರೊಫೈಲ್ ತಾನಾಗಿಯೇ 44,100 ಹರ್ಟ್ಸ್, 2 ಚಾನೆಲ್ ಎಂದು ಹೊಂದಿಸಿಕೊಂಡಿರುತ್ತದೆ. ವಿಡಿಯೊಗಳ ಧ್ವನಿ ಬಹುಪಾಲು 48,000 ಹರ್ಟ್ಸ್. ಪಕ್ಕದ ಸ್ಪ್ಯಾನರ್ ಗುರುತು ಒತ್ತಿ, ಆಡಿಯೊ ಕೋಡೆಕ್ ಟ್ಯಾಬ್‌ನಲ್ಲಿ ಮೂಲದ ಸಂಖ್ಯೆಗಳನ್ನೇ ಹಾಕಿ ಉಳಿಸಿ. ಆಮೇಲೆ ಹೊಸ ಫೈಲ್‌ಗೆ ಹೆಸರು ಕೊಟ್ಟು ಸ್ಟಾರ್ಟ್ ಮಾಡಿ. 96 ಅಥವಾ 192 ಕಿಲೊಹರ್ಟ್ಸ್‌ಗೆ ಏರಿಸಿದರೆ ಬೆಳೆಯುವುದು ಫೈಲ್ ಮಾತ್ರ. ಫ್ಲಾಕ್‌ನ 0ರಿಂದ 8ರವರೆಗಿನ ಕಂಪ್ರೆಷನ್ ಮಟ್ಟಕ್ಕೂ ಧ್ವನಿಗೂ ಸಂಬಂಧವಿಲ್ಲ. ವ್ಯತ್ಯಾಸ ಗಾತ್ರ ಮತ್ತು ಸಮಯದಲ್ಲಿ.

ಜೋರಾದ ಹಾಡುಗಳಲ್ಲಿ ಎಡವುವುದು ಬೇರೆ ಕಡೆ. ಎಎಸಿಯನ್ನು ಬಿಚ್ಚಿದಾಗ ಅಲೆಯ ತುದಿಗಳು ಡಿಜಿಟಲ್ ಧ್ವನಿಯ ಗರಿಷ್ಠವಾದ 0 ಡೆಸಿಬೆಲ್ ಮಿತಿ ದಾಟಬಹುದು. ಫ್ಲಾಕ್‌ನಲ್ಲಿ ಪೂರ್ಣಾಂಕಗಳಿಗಷ್ಟೇ ಜಾಗ, ಆದ್ದರಿಂದ ದಾಟಿದ ತುದಿಗಳು ಕತ್ತರಿಸಿಹೋಗಿ ಚರಚರ ಸದ್ದು ಬರುತ್ತದೆ. 24 ಬಿಟ್ ಆರಿಸಿದರೂ ಇದು ತಪ್ಪದು. ಪರಿವರ್ತಿಸುವ ಹಂತದಲ್ಲೇ ವಾಲ್ಯೂಮ್ 2 ಡೆಸಿಬೆಲ್ ಇಳಿಸಿದರೆ ಬಹುತೇಕ ಸರಿಹೋಗುತ್ತದೆ.

ಮಾತು ಕ್ಷೀಣವಾಗಿ, ಹಿನ್ನೆಲೆ ಸಂಗೀತ ಮಾತ್ರ ಜೋರಾಗಿ ಕೇಳಿದರೆ ಮೂಲ 5.1, ಅಂದರೆ ಆರು ಚಾನೆಲ್‌ನ ಧ್ವನಿ ಇರಬೇಕು. ಅದರಲ್ಲಿ ಸಂಭಾಷಣೆ ಇರುವುದು ನಡುವಿನ ಚಾನೆಲ್‌ನಲ್ಲಿ. ಮುಂದಿನ ಎಡ–ಬಲ ಎರಡನ್ನೇ ತೆಗೆದುಕೊಂಡರೆ ಅದು ಹೋಯಿತು. ಸ್ಟೀರಿಯೊಗೆ ಡೌನ್‌ಮಿಕ್ಸ್ ಮಾಡಿ (ಚಾನೆಲ್‌ಗಳನ್ನು ಎರಡಕ್ಕೆ ಬೆರೆಸಿ), ಇಲ್ಲವೇ ಆರೂ ಚಾನೆಲ್ ಉಳಿಸಿಕೊಳ್ಳಿ. ಫ್ಲಾಕ್ 8 ಚಾನೆಲ್‌ವರೆಗೆ ಹಿಡಿಯುತ್ತದೆ. ವೇವ್‌ಗೆ ಮಾತ್ರ 4 ಜಿಬಿ ಮಿತಿಯಿದೆ: 24 ಬಿಟ್, 48 ಕಿಲೊಹರ್ಟ್ಸ್‌ನ 5.1 ಧ್ವನಿ ಸುಮಾರು 83 ನಿಮಿಷಕ್ಕೇ ಅದನ್ನು ಮುಟ್ಟುತ್ತದೆ.