ಬ್ಲರ್–ಓಯಸಿಸ್ ಜಿದ್ದಾಜಿದ್ದಿ: ಬ್ರಿಟ್‌ಪಾಪ್ ಓದುವವರಿಗೆ ಟಿಪ್ಪಣಿ

ಬ್ರಿಟ್‌ಪಾಪ್, ಅಂದರೆ 1990ರ ದಶಕದ ಬ್ರಿಟಿಷ್ ಗಿಟಾರ್ ಪಾಪ್ ಸಂಗೀತದ ಬಗ್ಗೆ ಓದಲು ಕೂತವರು ಮೊದಲು ಒಂದು ದಿನಾಂಕ ಗುರುತು ಹಾಕಿಕೊಳ್ಳಿ: 1995ರ ಆಗಸ್ಟ್ 14, ಸೋಮವಾರ. ಬ್ಲರ್ ತಂಡದ ‘ಕಂಟ್ರಿ ಹೌಸ್’, ಓಯಸಿಸ್ ತಂಡದ ‘ರೋಲ್ ವಿತ್ ಇಟ್’, ಎರಡೂ ಸಿಂಗಲ್‌ಗಳು (ಆಲ್ಬಂನಿಂದ ಬಿಡಿಯಾಗಿ ಮಾರುವ ಹಾಡುಗಳು) ಅಂದೇ ಅಂಗಡಿಗೆ ಬಂದವು. ಇಬ್ಬರು ದೊಡ್ಡ ಸ್ಟಾರ್‌ಗಳ ಸಿನಿಮಾ ಒಂದೇ ಶುಕ್ರವಾರ ಬಿಡುಗಡೆಯಾದರೆ ಗಾಂಧಿನಗರದಲ್ಲಿ ಏಳುವಂಥ ಗದ್ದಲ ಆ ವಾರ ಇಡೀ ಬ್ರಿಟನ್ನಿನಲ್ಲಿತ್ತು. ಎನ್‌ಎಂಇ ಎಂಬ ಸಂಗೀತ ವಾರಪತ್ರಿಕೆ ಇದನ್ನು ಬಾಕ್ಸಿಂಗ್ ಪಂದ್ಯದಂತೆ ಮುಖಪುಟಕ್ಕೇರಿಸಿತು. ಟಿವಿ ವಾರ್ತೆಗಳೂ ಬಿಡಲಿಲ್ಲ.

ಎರಡೂ ಒಂದೇ ದಿನ ಬಂದದ್ದು ಕಾಕತಾಳೀಯವಲ್ಲ. ದಿನಾಂಕ ಬದಲಿಸಿ ಎದುರಾಳಿಯ ದಿನಕ್ಕೇ ತಂದು ನಿಲ್ಲಿಸಿದ್ದು ಬ್ಲರ್ ಕಡೆಯವರು. ಅದೇ ವರ್ಷ ಫೆಬ್ರವರಿಯಲ್ಲಿ ಬ್ರಿಟನ್ನಿನ ಸಂಗೀತ ಪ್ರಶಸ್ತಿ ಸಮಾರಂಭ ಬ್ರಿಟ್ ಅವಾರ್ಡ್ಸ್‌ನಲ್ಲಿ ನಾಲ್ಕು ಪ್ರಶಸ್ತಿ ಬಾಚಿಕೊಂಡಾಗ, ಇದನ್ನು ಓಯಸಿಸ್ ಜೊತೆ ಹಂಚಿಕೊಳ್ಳಬೇಕಿತ್ತು ಎಂದು ವೇದಿಕೆಯ ಮೇಲೇ ಹೇಳಿದ್ದ ತಂಡ ಅದು. ಕೆಲವೇ ತಿಂಗಳಲ್ಲಿ ಓಯಸಿಸ್‌ನ ‘ಸಮ್ ಮೈಟ್ ಸೇ’ ಚಾರ್ಟ್‌ನಲ್ಲಿ, ಅಂದರೆ ವಾರದ ಮಾರಾಟ ಪಟ್ಟಿಯಲ್ಲಿ, ಮೊದಲ ಸ್ಥಾನಕ್ಕೇರಿತು. ಆ ಸಂಭ್ರಮದ ಪಾರ್ಟಿಗೆ ಹೋದ ಬ್ಲರ್ ಗಾಯಕ ಡೇಮನ್ ಆಲ್ಬರ್ನ್‌ನನ್ನು ಓಯಸಿಸ್ ಗಾಯಕ ಲಿಯಮ್ ಗ್ಯಾಲಗರ್ ಮುಖಕ್ಕೆ ಮುಖ ಕೊಟ್ಟು ಕೆಣಕಿದ. ಹಾಗಾದರೆ ನೋಡೇಬಿಡೋಣ ಅನ್ನಿಸಿದ್ದು ಅಲ್ಲೇ ಎಂಬುದು ಡೇಮನ್‌ನ ಮಾತು.

ಫಲಿತಾಂಶ ಭಾನುವಾರ ಬಂತು. ಬ್ಲರ್ ಸುಮಾರು 2,74,000 ಪ್ರತಿ, ಓಯಸಿಸ್ ಸುಮಾರು 2,16,000. ಈ ಅಂತರದ ಹಿಂದೆ ಒಂದು ಲೆಕ್ಕಾಚಾರವಿದೆ. ‘ಕಂಟ್ರಿ ಹೌಸ್’ ಎರಡು ಬೇರೆ ಬೇರೆ ಸಿಡಿಗಳಲ್ಲಿ ಬಂದಿತ್ತು. ಮುಖ್ಯ ಹಾಡು ಅದೇ, ಜೊತೆಗಿನ ಹಾಡುಗಳು ಬೇರೆ. ಒಂದರಲ್ಲಿ ಮೈಲ್ ಎಂಡ್ ಕ್ರೀಡಾಂಗಣದ ಲೈವ್ ಹಾಡುಗಳಿದ್ದವು. ಕಟ್ಟಾ ಅಭಿಮಾನಿ ಎರಡನ್ನೂ ಕೊಳ್ಳುತ್ತಾನೆ, ಚಾರ್ಟ್‌ನಲ್ಲಿ ಎರಡು ಮಾರಾಟವೂ ಒಂದೇ ಸಿಂಗಲ್‌ನ ಖಾತೆಗೆ ಸೇರುತ್ತದೆ. ಮೋಸವೇನಲ್ಲ, ಆಗ ಚಾಲ್ತಿಯಲ್ಲಿದ್ದ ಪದ್ಧತಿಯೇ. ಆದರೆ ‘ಜನ ಬ್ಲರ್ ಕಡೆ ನಿಂತರು’ ಎಂದು ಬರೆಯುವ ಮುನ್ನ ಇದು ಗಮನದಲ್ಲಿರಲಿ. ಗೆದ್ದ ವಾರ ‘ಟಾಪ್ ಆಫ್ ದಿ ಪಾಪ್ಸ್’ ಎಂಬ ಟಿವಿ ಸಂಗೀತ ಕಾರ್ಯಕ್ರಮದಲ್ಲಿ ಬ್ಲರ್‌ನ ಬೇಸ್ ಗಿಟಾರಿಸ್ಟ್ ಅಲೆಕ್ಸ್ ಜೇಮ್ಸ್ ಓಯಸಿಸ್ ಹೆಸರಿನ ಟೀ ಶರ್ಟ್ ತೊಟ್ಟು ನಿಂತ. ಅದು ಅಭಿನಂದನೆಯೋ ಗೇಲಿಯೋ, ನೀವೇ ತೀರ್ಮಾನಿಸಿ.

ನನ್ನ ಕೇಳಿದರೆ ಎರಡೂ ಆ ತಂಡಗಳ ಸಾಧಾರಣ ಹಾಡುಗಳು. ಬ್ಲರ್‌ನ ‘ಗರ್ಲ್ಸ್ ಆಂಡ್ ಬಾಯ್ಸ್’, ಓಯಸಿಸ್‌ನ ‘ಲಿವ್ ಫಾರೆವರ್’ ಕೇಳಿದ ಮೇಲೆ ಇವನ್ನು ಕೇಳಿ, ಗೊತ್ತಾಗುತ್ತದೆ.

ವಾರದ ಗೆಲುವು ಬ್ಲರ್‌ಗೆ ಸಿಕ್ಕರೂ ವರ್ಷ ಓಯಸಿಸ್‌ನದಾಯಿತು. ಸೆಪ್ಟೆಂಬರ್‌ನಲ್ಲಿ ಬಂದ ಬ್ಲರ್ ಆಲ್ಬಂ ‘ದಿ ಗ್ರೇಟ್ ಎಸ್ಕೇಪ್’ ಮೊದಲ ಸ್ಥಾನಕ್ಕೇರಿದ್ದು ನಿಜ. ಅಕ್ಟೋಬರ್ 2ರಂದು ಓಯಸಿಸ್‌ನ ‘ಮಾರ್ನಿಂಗ್ ಗ್ಲೋರಿ’ ಬಂದ ಮೇಲೆ ಅದರ ಮಾತೇ ನಿಂತುಹೋಯಿತು. ಮರುವರ್ಷ ಆಗಸ್ಟ್‌ನಲ್ಲಿ ನೆಬ್‌ವರ್ತ್‌ನಲ್ಲಿ ಓಯಸಿಸ್ ಎರಡು ರಾತ್ರಿ ಕೊಟ್ಟ ಬಯಲು ಕಛೇರಿಗಳಿಗೆ ಎರಡೂವರೆ ಲಕ್ಷ ಜನ ಸೇರಿದರು. ಬ್ಲರ್ ದಾರಿ ಬದಲಿಸಿ 1997ರಲ್ಲಿ ‘ಸಾಂಗ್ 2’ ತಂದಿತು. ಆ ದೃಷ್ಟಿಯಲ್ಲಿ ಸೋಲು ಅವರಿಗೆ ಒಳ್ಳೆಯದೇ ಮಾಡಿತು.

ಪುಸ್ತಕಗಳು ಈ ಪೈಪೋಟಿಯನ್ನು ‘ಉತ್ತರದ ಕಾರ್ಮಿಕ ವರ್ಗ, ದಕ್ಷಿಣದ ಮಧ್ಯಮ ವರ್ಗ’ ಎಂದು ವಿವರಿಸುತ್ತವೆ. ಅರ್ಧ ಸರಿ. ಗ್ಯಾಲಗರ್ ಸೋದರರು ಮ್ಯಾಂಚೆಸ್ಟರಿನ ಬರ್ನೇಜ್‌ನಲ್ಲಿ ಬೆಳೆದವರು. ಬ್ಲರ್‌ನವರ ಬೇರು ಎಸೆಕ್ಸ್‌ನ ಕೋಲ್ಚೆಸ್ಟರ್, ಲಂಡನ್ನಿನ ಗೋಲ್ಡ್‌ಸ್ಮಿತ್ಸ್ ಕಾಲೇಜು. ಆದರೆ ‘ಸಣ್ಣ ಕಂಪನಿಯ ಹುಡುಗರು, ದೊಡ್ಡ ಕಂಪನಿಯ ಹುಡುಗರು’ ಎಂದು ಕೆಲವರು ಎಳೆಯುವ ಇನ್ನೊಂದು ಗೆರೆ ನಿಲ್ಲುವುದಿಲ್ಲ: ಓಯಸಿಸ್‌ನ ಹಾಡು ಹೊರತರುತ್ತಿದ್ದ ಕಂಪನಿ ಕ್ರಿಯೇಷನ್ ರೆಕಾರ್ಡ್ಸ್‌ನಲ್ಲಿ ಸೋನಿಗೆ ಆಗಲೇ 49 ಶೇಕಡಾ ಪಾಲಿತ್ತು.

ಇಬ್ಬರ ಜಗಳದಲ್ಲಿ ಮೂರನೆಯವರು ಮರೆತುಹೋಗುತ್ತಾರೆ. ವರ್ಗಭೇದವನ್ನೇ ನೇರವಾಗಿ ಹಾಡಿಗಿಳಿಸಿದ್ದು ಶೆಫೀಲ್ಡ್‌ನ ಪಲ್ಪ್, ತನ್ನ ‘ಕಾಮನ್ ಪೀಪಲ್’ನಲ್ಲಿ. ಅದೂ 1995ರದೇ. ಅದು ಎರಡನೇ ಸ್ಥಾನದಲ್ಲೇ ನಿಂತಿತು. ಮೇಲಿದ್ದವರು ಬ್ಲರೂ ಅಲ್ಲ, ಓಯಸಿಸ್ಸೂ ಅಲ್ಲ. ಹಳೇ ಹಾಡೊಂದನ್ನು ಮತ್ತೆ ಹಾಡಿದ ಇಬ್ಬರು ಟಿವಿ ನಟರು.